ಅವ್ವ ಕೂರಬೇಕಿದ್ದ ಮುಂದಿನ ಸೀಟು

ನನ್ನ ತಮ್ಮನಿಗೆ ಶಿಗ್ಗಾವಿಯಲ್ಲಿ ಗ್ಯಾರೇಜಿದೆ. ಅವ್ವ ಇರುವುದು ಹಾನಗಲ್ಲಿನಲ್ಲಿ, ನನ್ನ ಮನೆಯಲ್ಲಿ. ಆದರೂ ಹುಲಗೂರು ದರ್ಗಾಕ್ಕೆ ಹೋಗಬೇಕೆಂದರೆ ಅವನಿಗೇ ಫೋನ್ ಮಾಡಿಸುತ್ತಾಳೆ. "ಸಣ್ಣವನ ಗಾಡ್ಯಾಗ ಕುಂತ್ರ ಹೊಟ್ಟಿ ಅಳ್ಳಾಡೂದಿಲ್ಲ" ಎನ್ನುತ್ತಾಳೆ. ಗುಳಿಗೆ ತರುವವನು ನಾನು, ಕಣ್ಣಿನ ಡಾಕ್ಟರ ಹತ್ತಿರ ಸರದಿಗೆ ಕೂರುವವನು ನಾನು, ಹೊಗಳಿಕೆ ಮಾತ್ರ ಅವನಿಗೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಟಕ್ಕೆ ಬಿದ್ದು ಹಳೆಯ ಕಾರೊಂದನ್ನು ಕೊಂಡೆ. ಮುಂದಿನ ಎರಡೂ ಬ್ರೇಕು ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ, ಗಾಲಿ ಕಾದು ಸುಡುತ್ತಿತ್ತು. ಗಾಲಿಯ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಬಿಚ್ಚಿ ಒಳಗಿನ ರಬ್ಬರ್ ಬದಲಿಸಬೇಕಿತ್ತು. ತಮ್ಮನಿಗೆ ಅದು ಅರ್ಧ ದಿನದ ಕೆಲಸ. ಆದರೆ ಅವನ ಕೈ ತಾಗಿದರೆ ಗಾಡಿಯೂ ಅವನದೇ ಆದಂತೆ. ಗುರುವಾರ ದರ್ಗಾಕ್ಕೆ ನಾನೇ ಕರೆದೊಯ್ಯುತ್ತೇನೆಂದು ಅವ್ವನಿಗೆ ಹೇಳಿ, ಬುಧವಾರ ಅಂಗಳದಲ್ಲಿ ಕುಳಿತೆ.

ಫೋನಿನಲ್ಲಿ ವಿಡಿಯೋ ನೋಡುತ್ತ ಎರಡೂ ಕಡೆಯ ಕ್ಯಾಲಿಪರ್ ಬಿಚ್ಚಿ, ಒಂದೇ ಟಬ್ಬಿನಲ್ಲಿ ಹಾಕಿ ತೊಳೆದೆ. ತುಕ್ಕು ಉಜ್ಜಿ, ಹೊಸ ರಬ್ಬರ್ ಕೂರಿಸಿ ಜೋಡಿಸಿದೆ. ಇನ್ನು ಬ್ರೇಕ್ ಆಯಿಲ್ಲಿನೊಳಗೆ ಸೇರಿದ ಗಾಳಿ ತೆಗೆಯುವುದಷ್ಟೇ. ಗುರುವಾರ ಬೆಳಿಗ್ಗೆ ಹೆಂಡತಿ ಪೆಡಲ್ ಒತ್ತುವುದು, ನಾನು ಗಾಲಿಯ ಬಳಿ ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸುವುದು. ಬ್ರೇಕ್ ಆಯಿಲ್ ಡಬ್ಬಿ ಬರಿದಾಯಿತು.

"ಕಾಲ ಸೋತ್ವುರಿ. ಪೆಡಲ್ ಗಟ್ಟಿ ಆಗವಲ್ದು" ಎಂದಳು ಹೆಂಡತಿ.

ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕಾಯುತ್ತಿದ್ದ ಅವ್ವ, ತಾನೇ ತಮ್ಮನಿಗೆ ಫೋನ್ ಮಾಡಿದಳು.

ತಾಸಿನಲ್ಲಿ ಅವನು ಬೈಕಿನಲ್ಲಿ ಬಂದ. ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದ. ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದ: "ಅಣ್ಣಾ, ಎಡದ್ದು ಬಲಕ್ಕ ಕುಂದರ್ಸೀದಿ. ನಿಪ್ಪಲ್ ಕೆಳಗ ಬಂದೈತಿ. ಗಾಳಿ ಮ್ಯಾಲ ಇರ್ತೈತಿ, ಹೆಂಗ ಹೋಗ್ಬೇಕದು?"

ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಎರಡನ್ನೂ ಅದಲುಬದಲು ಮಾಡಿ, ತಾನು ತಂದಿದ್ದ ಆಯಿಲ್ ಹಾಕಿ ಗಾಳಿ ತೆಗೆದು, ಕೈ ಒರೆಸಿಕೊಂಡು ಅವ್ವನಿಗೆ ಹೇಳಿದ: "ಎಲ್ಲಾ ಅಣ್ಣನ ಮಾಡಿದ್ದ. ನಾ ಬರೇ ನಟ್ ಬಿಗಿ ಮಾಡ್ದೆ. ಅವನ ಗಾಡ್ಯಾಗ ಹೋಗವ್ವ, ನಾ ಹಿಂದ ಬರ್ತೇನಿ."

ದೊಡ್ಡತನವನ್ನೂ ಅವನೇ ಹೊಡೆದುಕೊಂಡ.

ಅವ್ವ ಮುಂದಿನ ಸೀಟಿನಲ್ಲಿ ಕುಳಿತಳು. ಎಷ್ಟು ವರ್ಷದ ಆಸೆ ನನ್ನದು! ರಸ್ತೆ ಉಬ್ಬು ಬಂದಾಗೆಲ್ಲ ಬ್ರೇಕು ಹದವಾಗಿ ಹಿಡಿಯಿತು, ಅವಳ ಹೊಟ್ಟೆ ಅಳ್ಳಾಡಲಿಲ್ಲ. ಒಂದು ಒಳ್ಳೆಯ ಮಾತಿಗೆ ಕಾದೆ. ಅವಳು ಕುತ್ತಿಗೆ ಹೊರಳಿಸಿ ಹಿಂದಿನ ಬೈಕನ್ನೇ ನೋಡುತ್ತಿದ್ದಳು.

"ಸಾವಕಾಶ ಹೊಡಿಯೋ" ಎಂದಳು. "ಸಣ್ಣವ ಹಿಂದ ಉಳ್ದಾನ."

ಬ್ರೇಕು ಒತ್ತಿದೆ. ಚೆನ್ನಾಗಿ ಹಿಡಿಯಿತು.