ದುರ್ಗಪ್ಪ ಸರ್ ಮತ್ತು ಒಂದು ವಾಕ್ಯದ ಆಧಾರ

ದುರ್ಗಪ್ಪ ಸರ್ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿದ್ದರು. ಹೆಸರು, ಮುನ್ನುಡಿ, ಪರಿವಿಡಿ ಯಾವುದೂ ಅವರಿಗೆ ಬೇಕಿರಲಿಲ್ಲ. ನೇರ ಕೊನೆಯ ಹಾಳೆಗಳಿಗೆ ಹೋಗಿ, ಆಧಾರ ಗ್ರಂಥಗಳ ಪಟ್ಟಿಯ ಮೇಲೆ ಸ್ಟೀಲಿನ ಅಡಿಪಟ್ಟಿ ಇಟ್ಟು, ಒಂದೊಂದೇ ಸಾಲು ಕೆಳಗಿಳಿಸುತ್ತಾ ಓದುತ್ತಿದ್ದರು. ಪಟ್ಟಿ ಮನಸ್ಸಿಗೆ ಬರದಿದ್ದರೆ ಪುಸ್ತಕ ಮುಚ್ಚಿ, ‘ಈ ಮನಷ್ಯಾ ಓದಿಲ್ಲ, ಬರೀ ಬರದಾನ’ ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಅವರ ಕನ್ನಡಕದ ದಾರ ಕಪ್ಪೋ ನೀಲಿಯೋ ಎಂದು ಈಗ ಕೇಳಿದರೆ ಹೇಳಲಾರೆ. ಅಡಿಪಟ್ಟಿ ಮಾತ್ರ ಖಂಡಿತ.

ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಅವರು ಗ್ರಂಥಪಾಲಕರು. ಹುಟ್ಟಿದ್ದು ಬಳಗಾನೂರಿನ ಕೂಲಿಯವರ ಮನೆಯಲ್ಲಿ, ನೌಕರಿ ಸಿಕ್ಕ ಮೇಲೆ ಮನೆ ಮಾಡಿದ್ದು ಮಸ್ಕಿಯಲ್ಲಿ. ನಾನೂ ಮಸ್ಕಿಯವನೇ. ಸಿಂಧನೂರಿನಲ್ಲಿ ಅತಿಥಿ ಉಪನ್ಯಾಸಕ, ಜೊತೆಗೆ ಅಪರಾಧಶಾಸ್ತ್ರದಲ್ಲಿ ಪಿಎಚ್‌ಡಿ. ವಿಷಯ, ಕಾಲುವೆ ನೀರಿನ ಕಳವು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ, ಯಾರೂ ಅಪರಾಧ ಎಂದು ಎಣಿಸದ ಕೆಲಸ. ಕೇಸಾದಾಗ ಮಾತ್ರ ಅಪರಾಧ. ನನ್ನ ಮೂರನೆಯ ಅಧ್ಯಾಯ ಒಂದೇ ವಾಕ್ಯದ ಮೇಲೆ ನಿಂತಿತ್ತು: ಇಂಥ ಪ್ರಕರಣಗಳಲ್ಲಿ ಆರೋಪಿಯಾಗುವುದು ನೀರು ಹರಿದ ಗದ್ದೆಯ ಒಡೆಯನಲ್ಲ, ಕಾಲುವೆಯ ಗೇಟು ಎತ್ತಿದ ಕೂಲಿಯವನು. ನನ್ನ ಮಾರ್ಗದರ್ಶಕರು ಅದರ ಪಕ್ಕ ‘ಆಧಾರ?’ ಎಂದು ಬರೆದು, ಆಧಾರ ಸಿಗದಿದ್ದರೆ ಅಧ್ಯಾಯವೇ ಬೇಡ ಎಂದರು.

ಹತ್ತು ನಿಮಿಷದ ಕೆಲಸವೆಂದುಕೊಂಡು ದುರ್ಗಪ್ಪ ಸರ್ ಬಳಿ ಹೋದೆ. ಅವರು ಕಂಪ್ಯೂಟರಿನ ಮುಂದೆ ಕೂರಿಸುವ ಬದಲು ಒಂದು ನೋಟ್‌ಬುಕ್ಕು ಕೊಟ್ಟು ನಾಲ್ಕು ಕಾಲಂ ಗೆರೆ ಹಾಕಿಸಿದರು. ಯಾವ ಪದ ಹಾಕಿ ಹುಡುಕಿದೆ, ಎಲ್ಲಿ, ಯಾವತ್ತು, ಏನು ಸಿಕ್ಕಿತು. ಸಿಗದಿದ್ದರೆ ನಾಲ್ಕನೆಯ ಕಾಲಂನಲ್ಲಿ ‘ಸಿಗಲಿಲ್ಲ’ ಎಂದೇ ಬರೆಯಬೇಕು, ಖಾಲಿ ಬಿಡುವ ಹಾಗಿಲ್ಲ. ಸಿಗದ್ದನ್ನು ಯಾಕೆ ಬರೆಯಬೇಕು ಎಂದು ಕೇಳಿದೆ.

‘ನಾಳೆ ಮತ್ತ ಅಲ್ಲೇ ಹೋಗಿ ಹುಡುಕ್ತೀರಿ, ಅದಕ್ಕ’ ಎಂದರು. ‘ಡಾಕ್ಟರ್ ಸಾಹೇಬ್ರಿಗೆ ಕಾಲು ಭಾಳ ಜೋರು. ದಾರಿ ನೆನಪಿರಂಗಿಲ್ಲ.’

ಇನ್ನೂ ಡಾಕ್ಟರೇಟ್ ಆಗದವನನ್ನು ಡಾಕ್ಟರ್ ಸಾಹೇಬ್ರು ಎನ್ನುವುದು ಅವರ ಚುಚ್ಚುಮಾತು. ಗ್ರಂಥಾಲಯಕ್ಕೆ ಬಂದವರೆಲ್ಲರ ಎದುರೂ ಹಾಗೆಯೇ ಕರೆಯುತ್ತಿದ್ದರು.

ಎರಡು ತಿಂಗಳು ದಿನವೂ ಪಾಠ ಮುಗಿಸಿ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸು ಹಿಡಿದೆ. ನೀರಿನ ಕಳವು ಎಂದು ಇಂಗ್ಲಿಷಿನಲ್ಲಿ ಹಾಕಿದರೆ ದೊಡ್ಡ ನಗರಗಳ ನಲ್ಲಿ ಮೀಟರಿನ ಕಥೆ ಬರುತ್ತಿತ್ತು. ಅಕ್ರಮ ನೀರಾವರಿ ಎಂದರೆ ಎಂಜಿನಿಯರುಗಳ ಲೇಖನಗಳು. ಅವುಗಳಲ್ಲಿ ನೀರು ಸೋರುತ್ತದೆ, ಇಂಗುತ್ತದೆ, ಆವಿಯಾಗುತ್ತದೆ, ಆದರೆ ಯಾರೂ ಕದಿಯುವುದಿಲ್ಲ. ಬೇಕೆನಿಸಿದ ಲೇಖನ ಸಿಕ್ಕರೆ ಸಾರಾಂಶ ತೋರಿಸಿ ಉಳಿದದ್ದಕ್ಕೆ ಬೀಗ. ಬೀಗವಿಲ್ಲದ್ದು ಸಿಕ್ಕ ದಿನ ಕಾಲೇಜಿನ ನೆಟ್ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ‘ಸಿಗಲಿಲ್ಲ’ ಎಂಬುದೇ ಹಾಳೆಗಟ್ಟಲೆ ಬೆಳೆಯಿತು.

ಕೊನೆಗೆ ಒಂದು ಲೇಖನದಲ್ಲಿ ಹೆಚ್ಚುಕಡಿಮೆ ನನ್ನದೇ ವಾಕ್ಯ ಕಾಣಿಸಿತು. ನಾನು ಕುಣಿದಾಡುವುದೊಂದು ಬಾಕಿ. ದುರ್ಗಪ್ಪ ಸರ್ ಎಂದಿನಂತೆ ಹಿಂದಿನ ಪಟ್ಟಿಗೆ ಹೋದರು. ಆ ಲೇಖನ ಇನ್ನೊಂದನ್ನು ತೋರಿಸುತ್ತಿತ್ತು. ಅದನ್ನು ತರಿಸಿದೆವು, ಅದು ಒಂದು ಸೆಮಿನಾರಿನ ಪ್ರಬಂಧವನ್ನು ತೋರಿಸಿತು. ಆ ಪ್ರಬಂಧ ಕೈಗೆ ಬರಲು ಮೂರು ವಾರ ಹಿಡಿಯಿತು. ಅದರ ಅಡಿಟಿಪ್ಪಣಿಯಲ್ಲಿ ಇದ್ದದ್ದು ನಾವು ಹೊರಟ ಮೊದಲ ಲೇಖಕನ ಹೆಸರು, ‘ಖಾಸಗಿ ಮಾತುಕತೆ’ ಎಂಬ ಷರಾದೊಂದಿಗೆ.

‘ಒಬ್ಬರ ಬಾಯಿಂದ ಒಬ್ಬರು ಕೇಳ್ಯಾರ’ ಎಂದರು ಸರ್. ‘ಗೇಟಿನ ಹತ್ರ ಹೋಗಿ ನೋಡಿದವರು ಒಬ್ಬರೂ ಇಲ್ಲ ನೋಡ್ರಿ ಇದರಾಗ.’

ಅಧ್ಯಾಯ ಸಲ್ಲಿಸಲು ಒಂದು ವಾರ ಉಳಿದಿತ್ತು. ಆಗ ನಾನು ಮಾಡಬಾರದ್ದು ಮಾಡಿದೆ. ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಇದೆಯಲ್ಲ, ಅದಕ್ಕೆ ನನ್ನ ವಾಕ್ಯ ಹಾಕಿ ಆಧಾರ ಕೇಳಿದೆ. ಕ್ಷಣದಲ್ಲಿ ಲೇಖಕ, ಪತ್ರಿಕೆ, ಸಂಪುಟ, ಪುಟ ಎಲ್ಲ ಬಂತು. ಅದನ್ನು ನಕಲು ಮಾಡಿದ್ದು ನನ್ನ ದೊಡ್ಡ ತಪ್ಪಲ್ಲ. ಮರುದಿನ ಬಸ್ಸಿನಲ್ಲಿ ಕೂತಾಗ, ಈ ಲೇಖನವನ್ನು ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನೇ ಓದಿದ್ದು ನೆನಪಾಗತೊಡಗಿತು. ಕಿಟಕಿ ಪಕ್ಕದ ಮೇಜು, ಹರಿದ ಬೈಂಡು, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಎಳೆದ ಗೆರೆ, ಎಲ್ಲವೂ. ಎರಡು ತಿಂಗಳು ಇದು ಹೇಗೆ ಮರೆತಿತ್ತು ಎಂದು ನನ್ನನ್ನೇ ಬೈದುಕೊಂಡೆ.

‘ನಾನು ಓದಿದ್ದೇ ಸರ್’ ಎಂದು ಚೀಟಿಯನ್ನು ಅವರ ಮೇಜಿನ ಮೇಲಿಟ್ಟೆ.

‘ಓದೀರಿ?’

‘ಓದೀನ್ರಿ. ಕಣ್ಣಿಗೆ ಕಟ್ಟಿದಂಗ ಐತಿ.’

‘ಹಂಗಾರ ಎದುರಿನ ಪುಟದಾಗ ಏನಿತ್ತು?’

ಓದಿದ್ದೇನೆ ಎಂದ ಪ್ರತಿಯೊಬ್ಬನಿಗೂ ಅವರು ಕೇಳುತ್ತಿದ್ದ ಪ್ರಶ್ನೆ ಇದು. ಒಂದು ಕೋಷ್ಟಕ ಇತ್ತೆಂದು ತೋರುತ್ತದೆ ಎಂದೆ. ಅವರು ದೊಡ್ಡ ಗ್ರಂಥಾಲಯದಲ್ಲಿದ್ದ ತಮ್ಮ ಗೆಳೆಯರೊಬ್ಬರಿಗೆ ಫೋನು ಮಾಡಿದರು. ಒಂದು ಗಂಟೆಯೊಳಗೆ ಆ ಸಂಪುಟದ ಆ ಪುಟಗಳ ಫೋಟೊ ವಾಟ್ಸ್ಆ್ಯಪಿಗೆ ಬಂತು. ಪತ್ರಿಕೆ ನಿಜ, ಸಂಪುಟ ನಿಜ. ಆ ಪುಟಗಳಲ್ಲಿದ್ದದ್ದು ಜೈಲಿನ ಅಡುಗೆಮನೆಯ ಮೇಲಿನ ಲೇಖನ. ನನ್ನ ಲೇಖಕ ಆ ಸಂಪುಟದಲ್ಲೆಲ್ಲೂ ಇರಲಿಲ್ಲ.

ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಬಳಗಾನೂರಿಂದ ಪಾಮನಕಲ್ಲೂರಿನ ತನಕ ಯಾರನ್ನು ಕೇಳಿದರೂ ಹೇಳುವ ಮಾತಿಗೆ ಎಲ್ಲಿಂದಲೋ ಆಧಾರ ಯಾಕೆ ತರಬೇಕು, ನಿಮಗೂ ಇದು ಖರೆ ಎಂದು ಗೊತ್ತಿಲ್ಲವೇ ಎಂದು ಕೂಗಾಡಿದೆ. ಓದುತ್ತಿದ್ದ ಒಂದಿಬ್ಬರು ಹುಡುಗಿಯರು ತಲೆ ಎತ್ತಿ ನೋಡಿದರು.

‘ಖರೆ ಇದ್ದೀತು. ನೀವು ಓದಿದ್ದಂತೂ ಸುಳ್ಳು’ ಎಂದರು ಸರ್.

ಅವತ್ತು ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮಸ್ಕಿಗೆ ಬಂದೆವು. ಅರ್ಧ ದಾರಿಯಲ್ಲಿ ಅವರು, ತಮ್ಮ ತಂದೆಯ ಮೇಲೂ ಇಂಥದೇ ಕೇಸಾಗಿತ್ತು ಎಂದರು. ಸರ್ ಆಗ ಸಣ್ಣವರು. ಗೇಟು ಎತ್ತಿದ್ದನ್ನು ಕಂಡೆ ಎಂದು ಊರಿನ ಒಬ್ಬ ಸಾಕ್ಷಿ ಹೇಳಿದ. ಎಲ್ಲಿ ನಿಂತು ಕಂಡೆ, ಜೊತೆಗೆ ಯಾರಿದ್ದರು ಎಂದು ಅವನನ್ನು ಯಾರೂ ಕೇಳಲಿಲ್ಲ. ತಂದೆಗೆ ಶಿಕ್ಷೆಯಾಯಿತು. ‘ಕಂಡೀನಿ ಅಂದ, ಆತು. ಅಷ್ಟಕ್ಕ ಮುಗೀತು’ ಎಂದರು. ಇಷ್ಟು ಮಾತ್ರ ಸ್ಪಷ್ಟವಾಗಿ ನೆನಪಿದೆ. ಮುಂದಿನದು ನನ್ನ ತಲೆಯಲ್ಲಿ ಎರಡು ಥರ ಉಳಿದಿದೆ. ಒಂದರಲ್ಲಿ, ಒಡೆಯ ಹೇಳಿದ್ದಕ್ಕೆ ಅವರ ತಂದೆ ಗೇಟು ಎತ್ತಿದರು. ಇನ್ನೊಂದರಲ್ಲಿ, ಅವತ್ತು ತಂದೆ ಊರಲ್ಲೇ ಇರಲಿಲ್ಲ. ಬಸ್ಸಿನ ಗದ್ದಲದಲ್ಲಿ ಸರ್ ಯಾವುದನ್ನು ಹೇಳಿದರು, ಯಾವುದನ್ನು ನಾನು ಕಟ್ಟಿಕೊಂಡೆ ಎಂಬುದು ತಿಳಿಯದು.

ಮಾರ್ಗದರ್ಶಕರಿಂದ ಬೇಡಿ ಗಡುವು ಮುಂದಕ್ಕೆ ಹಾಕಿಸಿಕೊಂಡೆ. ಲೇಖನಗಳನ್ನು ಬಿಟ್ಟು ಕೋರ್ಟಿನ ಹಳೆಯ ಕಡತಗಳನ್ನೇ ನೋಡುವುದೆಂದು ತೀರ್ಮಾನಿಸಿದೆ. ಅಷ್ಟರಲ್ಲಿ ದುರ್ಗಪ್ಪ ಸರ್ ನಿವೃತ್ತರಾಗಿದ್ದರು. ಮಸ್ಕಿಯ ಬಸ್‌ ನಿಲ್ದಾಣದಲ್ಲಿ ಸಿಕ್ಕಾಗ, ನಿಮ್ಮ ತಂದೆಯ ಕೇಸನ್ನೂ ಹುಡುಕುತ್ತೇನೆ ಎಂದೆ. ಹುಡುಕುವುದನ್ನೇ ಜೀವನವೆಲ್ಲ ಮಾಡಿದ ಮನುಷ್ಯ ಅದೊಂದನ್ನು ಎಂದೂ ಹುಡುಕಿರಲಿಲ್ಲ. ತಂದೆಯ ಹೆಸರು, ಊರು, ಅಂದಾಜು ಇಸವಿಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ‘ಸಿಗಲಿಲ್ಲಂದ್ರನೂ ಬಂದು ಹೇಳ್ರಿ’ ಎಂದರು. ನಮ್ಮ ಕೊನೆಯ ಭೇಟಿ ಅದು.

ಅರ್ಜಿ, ಮುದ್ರೆ, ಮತ್ತೆ ಅರ್ಜಿ, ಸಂಬಂಧಪಟ್ಟವರು ರಜೆ, ನಾಳೆ ಬನ್ನಿ. ನಾಲ್ಕು ತಿಂಗಳ ನಂತರ ಉತ್ತರ ಬಂತು: ಅಷ್ಟು ಹಳೆಯ ಸಣ್ಣ ಪ್ರಕರಣಗಳ ಕಡತಗಳನ್ನು ನಿಯಮದಂತೆ ಎಂದೋ ನಾಶಪಡಿಸಲಾಗಿದೆ. ನಾನು ಆ ವಾಕ್ಯವನ್ನು ಹೊಡೆದುಹಾಕಿದೆ, ಅದರ ಜೊತೆ ಮೂರನೆಯ ಅಧ್ಯಾಯವೂ ಹೋಯಿತು.

ಇದನ್ನು ಹೇಳಲೆಂದು ಅವರ ಮನೆಗೆ ಹೋದರೆ, ಸರ್ ತೀರಿಕೊಂಡು ಹದಿನೈದು ದಿನವಾಗಿತ್ತು; ಕೋರ್ಟಿನ ಓಡಾಟದಲ್ಲಿ ನನಗೆ ಸುದ್ದಿ ಮುಟ್ಟಿರಲಿಲ್ಲ. ಬುದ್ಧನ ಚಿತ್ರದ ಪಕ್ಕ ಅವರ ಫೋಟೊ ಇಟ್ಟಿದ್ದರು. ಅವರ ಹೆಂಡತಿ ಸುಜಾತಮ್ಮ ಚಹಾ ಕೊಟ್ಟು ಎದುರು ಕೂತರು. ಕಡತ ಸಿಗಲಿಲ್ಲ ಎಂದೆ.

‘ಊರಾಗ ಇನ್ನೂ ನಮ್ಮನ್ನ ಗೇಟ್ ಕಳ್ಳನ ಮನಿಯವರು ಅಂತಾರ್ರಿ’ ಎಂದರು ಅವರು. ‘ನಮ್ಮ ಮಾವ ಖರೇನ ಎತ್ತಿದ್ರೋ ಇಲ್ಲೋ, ನಾ ಕೇಳಿದ್ರ ಇವರು ಮಾತ ಆಡ್ತಿರಲಿಲ್ಲ. ನಿಮ್ಮ ಮುಂದ ಹೇಳ್ಯಾರಂತ ನನಗ ಗೊತ್ತೈತಿ. ಏನಂದ್ರು ಹೇಳ್ರಿ.’

ಅವತ್ತು ನಿಮ್ಮ ಮಾವ ಊರಲ್ಲೇ ಇರಲಿಲ್ಲವಂತೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳುವಾಗ ಸರ್ ಕಿಟಕಿಯ ಕಂಬಿ ಹಿಡಿದುಕೊಂಡಿದ್ದದ್ದು, ಹೊರಗೆ ಭತ್ತದ ಹುಲ್ಲು ತುಂಬಿದ ಟ್ರಾಕ್ಟರು ಹೋದದ್ದು ಕೂಡ ನೆನಪಾಯಿತು. ಓದದ ಲೇಖನದ ಹರಿದ ಬೈಂಡಿನ ಹಾಗೆ ಇದೂ ಇಷ್ಟು ಚೆನ್ನಾಗಿ ನೆನಪಾದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

‘ಹೇಳಿದ್ರು ಅಮ್ಮಾ. ಆದ್ರ ಏನಂದ್ರು ಅನ್ನೋದು ನನಗ ಪಕ್ಕಾ ಇಲ್ಲ’ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಂತರ ನಾನು ಅರ್ಧ ಕುಡಿದಿಟ್ಟ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದರು.