ತೆಂಗಿನ ಮರಕ್ಕೆ ಕಿವಿಯಿಟ್ಟವರು

ಅರಸೀಕೆರೆಯ ನಮ್ಮ ತೆಂಗಿನ ಸಂಶೋಧನಾ ಕೇಂದ್ರಕ್ಕೆ ಆ ವಿದೇಶಿ ವಿಜ್ಞಾನಿ ಬಂದ ಮೊದಲ ವಾರವೇ ಅವರ ಜೊತೆ ನಾನು ಜಗಳ ಆಡಿದೆ. ಬರೆಯುವಾಗ ನೋಟ್‌ಬುಕ್ಕಿಗೆ ತೋಳು ಅಡ್ಡ ಇಟ್ಟುಕೊಳ್ಳೋರು, ಪಕ್ಕದವರು ಕಾಪಿ ಹೊಡೀತಾರೆ ಅಂತ ಹೆದರೋ ಜಾಣ ಮಕ್ಕಳ ಹಾಗೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. "ಹುಳದ ಕಥೆ ತಾನೆ ಸಾರ್? ಇದೇನು ಬಾಂಬಿನ ಗುಟ್ಟೇ?" ಅಂದುಬಿಟ್ಟೆ. ಅವರು ನಕ್ಕು, "ಮೊದಲು ಅದೇ ಕೆಲಸ ಇತ್ತು" ಅಂದರು. ನಾನು ನಾಲಿಗೆ ಕಚ್ಚಿಕೊಂಡೆ.

ಸಮುದ್ರದಡಿಯ ಹಡಗಿನ ಸದ್ದು ಹುಡುಕಿ ಹೊಡೆಯುವ ಆಯುಧಕ್ಕೆ ಕಿವಿ ಮಾಡಿಕೊಟ್ಟವರಂತೆ ಅವರು. ಇಂಥವರು ಮತ್ತೆ ಆ ದಾರಿ ಹಿಡಿಯದಿರಲಿ ಅಂತ ಹಲವು ದೇಶಗಳು ಸೇರಿ ಒಂದು ನಿಧಿ ಮಾಡಿಕೊಂಡಿವೆ. ಅದರಿಂದಲೇ ನಮ್ಮಲ್ಲಿ ಒಂದು ವರ್ಷದ ಕೆಲಸ. ಕೆಂಪು ಮೂತಿ ಹುಳು ತೆಂಗಿನ ಕಾಂಡದೊಳಗೆ ಸೇರಿದರೆ ಸುಳಿ ಬಾಡುವವರೆಗೂ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಮರ ಮುಗಿದಿರುತ್ತೆ. ಹುಳು ಮೆಲ್ಲುವ ಸದ್ದನ್ನು ಮೊದಲೇ ಹಿಡಿಯೋ ಯಂತ್ರ ಮಾಡೋದು ಅವರ ಕೆಲಸ, ಜೊತೆಗಿದ್ದು ತೋಟದವರ ಮಾತು ತಿಳಿಸೋದು ನನ್ನದು. ವರ್ಷದ ಕೊನೆಗೆ ನಿಧಿಯಿಂದ ಪರಿಶೀಲಕಿಯೊಬ್ಬರು ಬಂದು ಒಪ್ಪಿದರೆ ಇನ್ನೆರಡು ವರ್ಷ. ಇಲ್ಲದಿದ್ದರೆ ವಾಪಸ್. "ಅಲ್ಲಿ ಹಳೇ ಕೆಲಸ ಒಂದೇ ನನಗೆ ಕಾದಿರೋದು. ಅದಕ್ಕೆ ಹೋಗಲಾರೆ" ಅಂತ ಒಂದು ಸಲ ಹೇಳಿದರು.

ಒಂದು ಭಾನುವಾರ ಹಳೇಬೀಡಿಗೆ ಕರಕೊಂಡು ಹೋದೆ. ಅಷ್ಟು ದೂರ ಹೋಗಿ, ಪುಣ್ಯಾತ್ಮ, ದೇವಸ್ಥಾನಕ್ಕೆ ಬೆನ್ನು ಹಾಕಿ ಬಸ್ತಿಹಳ್ಳಿ ರಸ್ತೆಯ ಒಂದು ತೆಂಗಿನ ಮರಕ್ಕೆ ಕಿವಿ ಒತ್ತಿ ನಿಂತರು. ಅವತ್ತಿನಿಂದ ನನಗೆ ಅವರ ಮೇಲೆ ಅಕ್ಕರೆ.

ನಮ್ಮ ಪ್ರಯೋಗ ನಡೀತಿದ್ದದ್ದು ಊರಾಚೆಯ ಒಬ್ಬ ಹಿರಿಯ ಹೆಂಗಸಿನ ತೋಟದಲ್ಲಿ. ನಾನು ದೊಡ್ಡಮ್ಮ ಅಂತಿದ್ದೆ. ಅಟ್ಟದ ಮೇಲಿನ ಕಾಯನ್ನು ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವ ಜೀವ. ಹಾಗಾಗಿ ಮರದ ಸದ್ದು ಕೇಳ್ತೀವಿ ಅಂದಾಗ ಅವರೊಬ್ಬರೇ ನಗಲಿಲ್ಲ. ಒಂದು ಮರದ ತುಂಬ ಹುಳು ಇದೆ ಅಂತ ಯಂತ್ರ ತೋರಿಸ್ತು. ಪಕ್ಕದ ಮರಗಳಿಗೂ ಹರಡೀತು ಅಂತ ಕಡಿಸಿದೆವು. ಸೀಳಿದರೆ, ಅಯ್ಯೋ, ಒಂದು ತೂತೂ ಇಲ್ಲ! ಗರಿಯ ಬುಡದಲ್ಲಿ ಕಪ್ಪು ಕಟ್ಟಿರುವೆ ಗೂಡು ಮಾಡಿತ್ತು. ಯಂತ್ರ ಕೇಳಿದ್ದು ಅದನ್ನ.

"ಇದನ್ನ ವರದಿಯಲ್ಲಿ ಬರೀಬೇಡಿ" ಅಂದರು ಸಾರ್. ಅವರ ಹಳೇ ಪ್ರಯೋಗಾಲಯದಲ್ಲಿ ತಪ್ಪು ಒಪ್ಪಿಕೊಂಡವರು ಮಾರನೇ ದಿನ ಕೆಲಸಕ್ಕೆ ಕಾಣ್ತಿರಲಿಲ್ಲವಂತೆ. ಎಲ್ಲದಕ್ಕೂ ಜಗಳ ತೆಗೆಯೋ ನಾನು ಅವತ್ತು ಮಾತ್ರ ತೆಪ್ಪಗೆ ಆ ಮರ ಬಿಟ್ಟು ನೀಟಾಗಿ ಟೈಪ್ ಮಾಡಿಕೊಟ್ಟೆ. ಅವರು ಹೋಗೋದು ನನಗೆ ಬೇಕಿರಲಿಲ್ಲ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತೆ.

ಪರಿಶೀಲಕಿ ತೋಟಕ್ಕೇ ಬಂದರು. ಕಾಫಿ ಕುಡೀತಾ, "ಇವರಿಂದ ಏನಾದರೂ ತೊಂದರೆ ಆಯ್ತಾ, ಕೇಳಿ" ಅಂತ ದೊಡ್ಡಮ್ಮನ ಕಡೆ ನೋಡಿ ನನಗೆ ಹೇಳಿದರು. ಕೇಳಿದೆ. ದೊಡ್ಡಮ್ಮ ಮರದ ಮೋಟಿನ ಕಡೆ ಕೈ ತೋರಿಸಿ, "ಒಂದು ಮರ ಹೋಯ್ತು ಕಣಮ್ಮ. ನಾನು ಈ ಮನೆಗೆ ಬಂದ ವರ್ಷ ನೆಟ್ಟಿದ್ದು. ಗಟ್ಟಿಮುಟ್ಟಾಗಿತ್ತು" ಅಂದರು. ಅದನ್ನ ಇಂಗ್ಲಿಷಿನಲ್ಲಿ ಹೇಳೋದು ಬಿಟ್ಟು ಕಾಫಿ ಲೋಟ ಎತ್ತಿಕೊಂಡೆ. ಪರಿಶೀಲಕಿ ನನ್ನ ಮುಖವನ್ನೇ ನೋಡ್ತಾ ಇದ್ದಾರೆ.

ಕನ್ನಡ ಬರದಿದ್ದರೂ ಆ ಬೆರಳು ಎಲ್ಲಿಗೆ ಹೋಯ್ತು ಅಂತ ಸಾರ್‌ಗೆ ತಿಳೀತು. ಎದ್ದು, ನೋಟ್‌ಬುಕ್ಕಿನಲ್ಲಿ ಆ ಮರದ ಪುಟ ತೆರೆದು ಪರಿಶೀಲಕಿಯ ಕೈಗಿಟ್ಟರು. "ಚೆನ್ನಾಗಿದ್ದ ಮರ ಕಡಿಸಿದೆ. ತಪ್ಪು ನನ್ನದು. ಮುಚ್ಚಿಟ್ಟವನೂ ನಾನೇ." "ನಾನೂ ಇದ್ದೆ" ಅಂದೆ, ಯಾರೂ ಕೇಳದಿದ್ದರೂ.

ಪರಿಶೀಲಕಿ ಪುಟ ಬಿಡದೆ ಓದಿದರು. ಆಮೇಲೆ, "ಮುಚ್ಚಿಟ್ಟದ್ದನ್ನ ನಾನು ಬರೆಯಲೇಬೇಕು. ಆದರೆ ಇರುವೆ ಸದ್ದು ಬೇರೆ, ಹುಳದ ಸದ್ದು ಬೇರೆ ಅಂತ ಯಂತ್ರಕ್ಕೆ ಕಲಿಸೋಕೆ ಬೇಕಾಗಿರೋದು ಈ ಪುಟವೇ. ಇಷ್ಟಾದ ಮೇಲೂ ತೋಟ ಕೊಡೋರಿದ್ದರೆ, ಎರಡು ವರ್ಷಕ್ಕೆ ಶಿಫಾರಸು ಮಾಡ್ತೀನಿ" ಅಂದರು.

ಎಲ್ಲಾ ಈಗ ದೊಡ್ಡಮ್ಮನ ಕೈಲಿತ್ತು. ನಡೆದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ, ನನ್ನ ಟೈಪಿಂಗ್ ಸಮೇತ. ಅವರು ಸೆರಗು ಕೊಡವಿಕೊಂಡು ಎದ್ದರು. "ತಪ್ಪಾಯ್ತು ಅನ್ನಕ್ಕೆ ಇಷ್ಟು ದಿನ ಏನ್ ದಾಡಿ ಆಗಿತ್ತು ಇಬ್ಬರಿಗೂ? ಹಿಂದಿನ ಸಾಲಿನ ಮರ ಪೂರಾ ಐತೆ, ನಾಳೆ ಬರಕ್ಕೆ ಹೇಳು. ಕೊಡಲಿ ಮಾತ್ರ ನಾನು ಹೇಳೋಗಂಟ ಮುಟ್ಟಂಗಿಲ್ಲ."

ಸಾರ್ ನನ್ನ ಹತ್ತಿರ ಬಗ್ಗಿ ಕೇಳಿದರು: "ಅವರ ಸಿಟ್ಟು ಇಳೀತಾ?"

"ಇಲ್ಲ ಸಾರ್, ಸಿಟ್ಟು ಹಾಗೇ ಇದೆ" ಅಂದೆ, ಕಣ್ಣೊರೆಸಿಕೊಳ್ಳುತ್ತಾ. "ನಾಳೆ ಬನ್ನಿ ಅಂತಿದ್ದಾರೆ."