ಹಳದಿ ಗಿಡದ ಮನೆ

ತೊಂಬತ್ತರ ದಶಕದ ಆರಂಭದಲ್ಲಿ ನಾವು ಹುಬ್ಬಳ್ಳಿಯ ಕಮರಿಪೇಟೆಯ ಇಕ್ಕಟ್ಟಾದ ಬಾಡಿಗೆ ಮನೆ ಬಿಟ್ಟು ರಾಯಾಪುರದ ಕಡೆಯ ಹೊಸ ಬಡಾವಣೆಗೆ ಬಂದಾಗ ಅಲ್ಲಿ ಮನೆಗಳಿಗಿಂತ ಗಡಿಕಲ್ಲುಗಳೇ ಹೆಚ್ಚಿದ್ದವು. ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ ಇತ್ತು. ಮಧ್ಯಾಹ್ನ ಇಳಿದರೆ ಬಿಸಿಲು ನೇರ ಒಳಗೇ ಬಂದು ಕೂರುತ್ತಿತ್ತು. ಮಷಿನ್ನಿನ ಚಕ್ರ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಬ್ಯಾಸಗಿ ಮುಗದ ಮ್ಯಾಲ ಬರತೇವಿ ಬಿಡ್ರಿ” ಎಂದು ಎದ್ದು ಹೋಗುತ್ತಿದ್ದರು. ನೆರಳಿಗೊಂದು ಗಿಡ ಬೇಕೇ ಬೇಕಿತ್ತು.

ಮನೆಯಲ್ಲಿದ್ದವರು ನಾವು ಮೂವರು. ನನ್ನ ಗಂಡ ತಾರಿಹಾಳದ ವರ್ಕ್‌ಶಾಪಿಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಮಾವನವರು ರೈಲ್ವೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾಗಿದ್ದರು. ಅತ್ತೆ ತೀರಿಕೊಂಡ ಮೇಲೆ ಹಗಲು ಹೊತ್ತು ಅವರಿಗೆ ನಾನು, ನನಗೆ ಅವರು ಜೊತೆ.

“ಬೇವಿನ ಗಿಡ ಹಚ್ಚೂಣವಾ,” ಎನ್ನುತ್ತಿದ್ದರು ಅವರು. “ನೆಳ್ಳೂ ಆತು, ಔಷಧಾನೂ ಆತು.”

ಆದರೆ ಧಾರವಾಡದ ನರ್ಸರಿಯೊಂದರಲ್ಲಿ ನನ್ನ ಕಣ್ಣು ಬೇರೆಯದಕ್ಕೇ ಬಿದ್ದಿತ್ತು. ಆಲದ ಜಾತಿಯ ಗಿಡ. ಎಲೆ ಮಾತ್ರ ಹಸಿರಲ್ಲ, ಮಾಗಿದ ನಿಂಬೆಹಣ್ಣಿನ ಹಳದಿ. ಬಿಸಿಲು ಬಿದ್ದಾಗ ಚಿನ್ನದಂತೆಯೇ ಹೊಳೆಯುತ್ತಿತ್ತು. ಆ ತನಕ ನಾನು ಮನೆಗೆ ತಂದದ್ದೆಲ್ಲ ಉಪಯೋಗಕ್ಕೆಂದು. ಬರೀ ಚೆಂದ ಕಂಡಿತೆಂದು ತಂದದ್ದು ಇದೇ ಮೊದಲು. ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಮಾವನವರು ಕನ್ನಡಕ ಏರಿಸಿ ಸಸಿಯ ಸುತ್ತ ಒಂದು ಸುತ್ತು ಬಂದರು.

“ಇದಕ್ಕ ಅರಿಷಿಣ ಕಾಮಣಿ ಆಗೇತಲ್ಲವಾ! ಬ್ಯಾನಿ ಬಿದ್ದ ಗಿಡ ನಿನಗ ಮಾರ್ಯಾರ.”

“ಇಲ್ರಿ ಮಾಮಾರ, ಇದರ ಬಣ್ಣಾನ ಹಿಂಗ.”

“ಎಲಿ ಹಳದಿ ಆದ್ರ ಇನ್ನ ಉದರೂದಷ್ಟ ಬಾಕಿ. ಅಷ್ಟೂ ತಿಳಿಯಂಗಿಲ್ಲೇನ ನನಗ?”

ನಮ್ಮದು ಎರೆಮಣ್ಣು, ಮಳೆಗೆ ಹಿಟ್ಟಿನಂತೆ ಅಂಟುವುದು, ಬೇಸಿಗೆಗೆ ಕೈ ತೂರುವಷ್ಟು ಬಿರಿಯುವುದು. ಆಲದ ಬೇರು ಪಾಯಕ್ಕೆ ನುಗ್ಗಬಾರದೆಂದು ಮನೆಯಿಂದ ದೂರ, ಗೇಟಿನ ಮೂಲೆಯಲ್ಲಿ ಅಗಲವಾದ ಗುಂಡಿ ತೋಡಿ, ಉಸುಕು, ಕೆಮ್ಮಣ್ಣು, ಗೊಬ್ಬರ ಕಲಸಿ ನೆಟ್ಟೆ. ನಳದಲ್ಲಿ ನೀರು ಬರುವುದೇ ಅಪರೂಪ. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಎಲ್ಲ ಗಿಡದ ಬುಡಕ್ಕೇ ಹೋಯಿತು. ಒಮ್ಮೆ ಆಡೊಂದು ನುಗ್ಗಿ ತುದಿಯನ್ನೆಲ್ಲ ಮೇಯ್ದಾಗ ಸುತ್ತ ಜಾಲಿಮುಳ್ಳು ಕಟ್ಟಿದೆ. ಇತ್ತ ಮಾವನವರು ತಮ್ಮದೇ ಚಿಕಿತ್ಸೆ ನಡೆಸಿದ್ದರು. ಇಂದು ಹುಳಿ ಮಜ್ಜಿಗೆ, ನಾಳೆ ಒಲೆಯ ಬೂದಿ, ಮರುದಿನ ಸಗಣಿ ನೀರು. ದಾರಿಯಲ್ಲಿ ಹೋಗುವವರೂ ನಿಂತು, ಪಾಪ ಅನ್ನುವಂತೆ ಅದನ್ನು ನೋಡಿ ಮುಂದೆ ಹೋಗುತ್ತಿದ್ದರು.

ಗಿಡ ನನ್ನ ಭುಜದೆತ್ತರಕ್ಕೆ ಬಂದ ವರ್ಷ ಕಾಂಡದ ನಡುವಿನಿಂದ ಒಂದು ಟೊಂಗೆ ಒಡೆಯಿತು. ಕಡು ಹಸಿರು! ಮಾವನವರ ಸಂತೋಷ ಹೇಳತೀರದು. ಪೇಟೆಗೆ ಹೋಗಿ ಫೇಡೆ ತಂದು ಅಕ್ಕಪಕ್ಕದವರಿಗೆ ಹಂಚಿದರು. “ನಮ್ಮ ಗಿಡ ಆರಾಮಾತರಿ” ಎಂದು ಗೇಟಿನಲ್ಲಿ ನಿಂತು ಸಾರಿದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ದಿನವೂ ನೋಡುತ್ತಿದ್ದೆ. ಹಸಿರು ಟೊಂಗೆ ಸರಸರನೆ ಏರುತ್ತಿತ್ತು. ಹಳದಿ ಟೊಂಗೆಗಳಲ್ಲಿ ಹೊಸ ಚಿಗುರೇ ನಿಂತುಹೋಗಿತ್ತು. ಬೇರು ಉಣಿಸಿದ್ದನ್ನೆಲ್ಲ ಇದೊಂದೇ ಉಣ್ಣುತ್ತಿದೆ ಎಂಬುದು ಸ್ಪಷ್ಟವಾಯಿತು. ಹೀಗೇ ಬಿಟ್ಟರೆ ನಾನು ತಂದ ಗಿಡವೇ ಉಳಿಯುವುದಿಲ್ಲ. ಒಂದು ಮುಂಜಾನೆ ಕುಡಗೋಲು ಹಿಡಿದು ಅವರ ಎದುರಿಗೇ ಹೋಗಿ ನಿಂತೆ.

“ಮಾಮಾರ, ಆ ಹಸರ ಟೊಂಗಿ ಕಡೀತೇನ್ರಿ.”

ಚಹಾದ ಬಸಿ ಅವರ ಕೈಯಲ್ಲೇ ನಿಂತಿತು. “ಹುಚ್ಚ ಹಿಡದೈತೇನ ನಿನಗ? ಆರಾಮಿದ್ದದ್ದು ಕಡದು ಬ್ಯಾನಿ ಬಿದ್ದದ್ದು ಇಟಗೋತಿಯೇನ?”

“ಹಳದಿ ಬ್ಯಾನಿ ಅಲ್ರಿ. ಹಸರ ಟೊಂಗೀನ ಅದನ್ನ ಕೊಲ್ಲಾಕತ್ತೈತಿ.”

“ಕಡದಿ ಅಂದ್ರ ನಾ ಈ ಮನ್ಯಾಗ ಇರಂಗಿಲ್ಲ ನೋಡು.”

ಆದರೂ ಟೊಂಗೆಯನ್ನು ಬುಡಸಮೇತ ಕಡಿದೆ. ಬೆಳ್ಳಗಿನ ಹಾಲು ಸುರಿದು ಬೆರಳೆಲ್ಲ ಅಂಟಂಟಾಯಿತು. ಮಾವನವರು ಆಡಿದಂತೆಯೇ ಮಾಡಿದರು. ಕೈಚೀಲದಲ್ಲಿ ಎರಡು ಧೋತರ ತುಂಬಿಕೊಂಡು ಧಾರವಾಡದ ಮಗಳ ಮನೆಗೆ ನಡೆದೇಬಿಟ್ಟರು. ಗಂಡ ಸಂಜೆ ಬಂದು ಎಲ್ಲ ಕೇಳಿ, “ಇಬ್ಬರೂ ಕೂಡಿ ಒಂದು ಗಿಡಕ್ಕ ಮನಿ ಒಡದ್ರಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಡಿದ ಗಾಯ ಕಪ್ಪಾಗುತ್ತ ಬಂತು. ಗಿಡ ಸುಮ್ಮನೆ ನಿಂತಿತ್ತು. ಒಂದು ಚಿಗುರಿಲ್ಲ.

ಮುಂಗಾರಿನ ಎರಡು ಒಳ್ಳೆಯ ಮಳೆ ಬಿದ್ದವು. ಮರುದಿನ ಬೆಳಿಗ್ಗೆ ಬಾಗಿಲು ತೆರೆದು ರಂಗೋಲಿ ಹಾಕಲು ಹೋದವಳು ಡಬ್ಬಿ ಹಿಡಿದೇ ನಿಂತುಬಿಟ್ಟೆ. ಪ್ರತಿ ಟೊಂಗೆಯ ತುದಿಯಲ್ಲೂ ಚಿಗುರು. ಎಲ್ಲವೂ ಹಳದಿ, ಒಂದೂ ಹಸಿರಲ್ಲ. ಗಂಡನನ್ನು ಎಬ್ಬಿಸಿ ಎಳೆದುಕೊಂಡು ಬಂದು ತೋರಿಸಿದೆ.

ಮಾವನವರು ನಾಗರ ಪಂಚಮಿಗೆ ಮರಳಿದರು. ಗೇಟು ತೆಗೆಯದೆ ಹೊರಗೇ ನಿಂತರು. ಅಷ್ಟರಲ್ಲಿ ಗಿಡ ಅವರಿಗಿಂತ ಎತ್ತರವಾಗಿತ್ತು. ಒಂದು ಎಲೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು, ಉದುರುತ್ತದೋ ಎಂದು ಮೆಲ್ಲಗೆ ಎಳೆದೂ ನೋಡಿದರು. ಎಲೆ ಗಟ್ಟಿಯಾಗಿತ್ತು. ಒಳಗೆ ಬಂದು ಚೀಲ ಇಳಿಸಿ, “ಗೆದ್ದೀ ಬಿಡವಾ. ಒಂದಿಷ್ಟ ಚಹಾ ಮಾಡು” ಎಂದರು.

ಮುಂದಿನ ವರ್ಷಗಳಲ್ಲಿ ಅದು ಮಾಳಿಗೆಯನ್ನೂ ಮೀರಿ ಹರಡಿಕೊಂಡಿತು. ಹೊರಗಿನಿಂದ ನೋಡಿದರೆ ಪೂರ್ತಿ ಬಂಗಾರ. ಅಡಿಯಲ್ಲಿ ಕೂತು ಮೇಲೆ ನೋಡಿದರೆ, ಬಿಸಿಲು ತಾಗದ ಒಳಗಿನ ಎಲೆಗಳು ತಿಳಿ ಹಸಿರು. ಮಾವನವರು ಬುಡದ ಸುತ್ತ ತಾವೇ ಅಳತೆ ಹಿಡಿದು ಕಟ್ಟೆ ಕಟ್ಟಿಸಿದರು. ನಾನು ಮಷಿನ್ನನ್ನು ಹೊರಗೆ ತಂದೆ. ಸುಡು ಬೇಸಿಗೆಯಲ್ಲೂ ಹೆಂಗಸರು ಬಂದು ಕೂತರು, ಹರಟಿದರು, ಎದ್ದು ಹೋಗಲಿಲ್ಲ. ಹೊಲಿಗೆ ಕಲಿಯಲು ಹುಡುಗಿಯರು ಬಂದರು. ಒಂದು ಮಷಿನ್ ಹೋಗಿ ನಾಲ್ಕಾದವು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹುಬ್ಬಳ್ಳಿಯಲ್ಲಿ ನೂಲು, ಗುಂಡಿ ಕೊಂಡು ನಾನೂ ಮಾವನವರೂ ಬಸ್ಸಿನಲ್ಲಿ ಮರಳುತ್ತಿದ್ದೆವು. ನಮ್ಮ ಬಡಾವಣೆ ಹತ್ತಿರ ಬಂದಾಗ ಕಂಡಕ್ಟರ್ ಸೀಟಿ ಊದಿ ಕೂಗಿದ:

“ಹಳದಿ ಗಿಡಾ! ಹಳದಿ ಗಿಡ ಇಳಿಯೋರು ಬರ್ರಿ!”

ಮಾವನವರು ಎದ್ದವರು ಕಂಬಿ ಹಿಡಿದು ಅಲ್ಲೇ ನಿಂತರು. “ಏನಂದ್ರಿ? ಇನ್ನೊಮ್ಮೆ ಹೇಳ್ರಿ.”

“ಹಳದಿ ಗಿಡ ಸ್ಟಾಪ್‌ರಿ ಅಜ್ಜಾರ. ಲಗೂ ಇಳೀರಿ.”

ಅವರು ಲಗು ಇಳಿಯಲಿಲ್ಲ. ಇಡೀ ಬಸ್ಸಿನತ್ತ ತಿರುಗಿ, ಹಿಂದಿನ ಸೀಟಿಗೂ ಕೇಳುವಂತೆ, “ಆ ಗಿಡ ಹಚ್ಚಿದಾಕಿ ನಮ್ಮ ಸೊಸಿರಿ, ಈಕೀನ” ಎಂದು ನನ್ನತ್ತ ಕೈ ತೋರಿಸಿದರು. ಎಲ್ಲರೂ ನೋಡಿದರು. ನಾನು ತಲೆ ಎತ್ತಿಕೊಂಡೇ ಮೆಟ್ಟಿಲು ಇಳಿದೆ.